ಎಂಟುನೂರು ಮೊಗ್ಗು ಎಣಿಸಿದ ವಿಡಿಯೋ

ಕೊರೊನಾ ಕಳೆದ ಎರಡನೆಯ ವರ್ಷ. ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಹಿಡಿದು ‘ಪರ್ಸನಲ್ ಬ್ರಾಂಡಿಂಗ್’ ಎಂದು ಬೋರ್ಡು ಹಾಕಿ ಕುಳಿತಿದ್ದೆ. ಹಾಗೆಂದರೆ ಎಂತದು ಎಂದು ಮೆಟ್ಟಿಲು ಹತ್ತಿ ಬಂದು ಕೇಳಿ ಹೋದವರೇ ಹೆಚ್ಚು. ವಿಷಯ ಇಷ್ಟೇ: ಚಹಾಪುಡಿಗೆ ಒಂದು ಹೆಸರು, ಒಂದು ಚಿತ್ರ, ಒಂದು ನಂಬಿಕೆ ಇರುತ್ತದಲ್ಲ, ಅದನ್ನೇ ಮೊಬೈಲಿನ ಮೂಲಕ ಒಬ್ಬ ಮನುಷ್ಯನಿಗೆ ಕಟ್ಟಿಕೊಡುವುದು. ದಂತವೈದ್ಯರು, ಯೋಗ ಕಲಿಸುವವರು, ಮನೆ ಕಟ್ಟಿಸುವ ಇಂಜಿನಿಯರುಗಳು, ಎಲ್ಲರಿಗೂ ಆಗ ಅದು ಬೇಕಾಗಿತ್ತು.

ಅದಕ್ಕಿಂತ ಮೊದಲು ಹದಿನೆಂಟು ವರ್ಷ ನಾನು ಕಾರ್ಕಳದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದೆ. ಮನೆ ಅಲ್ಲೇ ಪಕ್ಕದ ಕುಕ್ಕುಂದೂರು. ಮದುವೆಯ ವಿಡಿಯೋದಲ್ಲಿ ಮದುಮಗಳ ಅಪ್ಪ ಆಕಳಿಸಬಾರದು, ಊಟದ ಪಂಕ್ತಿಯಲ್ಲಿ ಭಾವ ಸಿಟ್ಟು ಮಾಡಿಕೊಂಡು ಎದ್ದು ಹೋಗಬಾರದು. ಎಲ್ಲ ಆಗಿಯೇ ಇರುತ್ತದೆ, ಆದರೆ ವಿಡಿಯೋದಲ್ಲಿ ಇರಕೂಡದು. ಕತ್ತರಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಮುಂದಿನದ್ದೆಲ್ಲ ಆದದ್ದು ಈ ಕೈಗುಣದಿಂದಲೇ.

ಆ ವರ್ಷದ ಬೇಸಿಗೆಯಲ್ಲಿ ಬೆಳ್ಮಣ್‌ನಿಂದ ಪ್ರೆಸಿಲ್ಲಾ ಬಂದಳು. ಗಂಡ ವಾಲ್ಟರ್ ಕುವೈಟಿನಲ್ಲಿ, ಮನೆಯಲ್ಲಿ ಅವಳು ಮತ್ತು ಅತ್ತೆ ಬೆನಡಿಕ್ಟಾ ಬಾಯಿ. ಹಿತ್ತಿಲಲ್ಲಿ ಮಲ್ಲಿಗೆ ತೋಟ. ಕುಂಡದಲ್ಲಿ ಮಲ್ಲಿಗೆ ಸಸಿ ಮಾಡಿ ದೂರದ ಊರುಗಳಿಗೆ ಕಳಿಸುವ ನರ್ಸರಿ ಶುರುಮಾಡಿದ್ದಳು. ಅದಕ್ಕೊಂದು ಮುಖ ಬೇಕಾಗಿತ್ತು.

“ನನ್ನ ಮುಖ ಬೇಡ ಸುಧಾಕರಣ್ಣ, ಮಾಂಯ್‌ದು ಹಾಕುವ. ಮಲ್ಲಿಗೆ ವಿಷಯದಲ್ಲಿ ಅವರು ಹೇಳಿದ್ರೆ ಯಾರೂ ಎದುರಾಡುದಿಲ್ಲ” ಎಂದಳು. ಕೊಂಕಣಿಯಲ್ಲಿ ಅತ್ತೆಯನ್ನು ಮಾಂಯ್ ಎನ್ನುತ್ತಾರೆ.

ಬೆನಡಿಕ್ಟಾ ಬಾಯಿಗೆ ಆಗ ಅರುವತ್ತೆಂಟು. ಊರಿನವರಂತೆ ನಾನೂ ಬಾಯಮ್ಮ ಎಂದು ಕರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೊಟ್ಟೆ ಇಷ್ಟು ದೊಡ್ಡ ಉಂಟು, ಕ್ಯಾಮೆರಾ ಇಷ್ಟೇ ಇಷ್ಟಾ?” ಎಂದು ಕೇಳಿದರು. ಆ ಒಂದು ಮಾತಿಗೇ ನನಗೆ ಗೊತ್ತಾಯಿತು, ಈ ಹೆಂಗಸು ಗೆಲ್ಲುತ್ತಾರೆ ಎಂದು.

ನಮ್ಮ ಕಡೆ ಮಲ್ಲಿಗೆ ಮಾರುವುದು ತೂಕಕ್ಕಲ್ಲ, ಲೆಕ್ಕಕ್ಕೆ. ಎಂಟುನೂರು ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ಬೆಳೆದವರು ಮನೆಯಲ್ಲೇ ಎಣಿಸಿ ಕಟ್ಟಿ ಕಟ್ಟೆಗೆ, ಎಂದರೆ ಹೂ ಕೊಳ್ಳುವವರ ಜಾಗಕ್ಕೆ, ಒಯ್ದು ಕೊಡುತ್ತಾರೆ. ಕಟ್ಟೆಯಲ್ಲಿ ಯಾರೂ ಪುನಃ ಎಣಿಸುತ್ತಾ ಕೂರುವುದಿಲ್ಲ. ಕೊಟ್ಟವರು ಎಂಟುನೂರು ಎಂದರೆ ಎಂಟುನೂರೇ. ಬಾಯಮ್ಮ ನಾಲ್ಕು ಮೊಗ್ಗಿಗೊಂದು ಗಂಟು ಹಾಕುತ್ತಿದ್ದರು, ಇನ್ನೂರು ಗಂಟಿಗೆ ಚೆಂಡು ಮುಗಿಯಿತು. ಬೇಲಿಯಾಚೆ ಹೋಗುವವರ ಹತ್ತಿರ ಕುಶಾಲು ಮಾತಾಡುತ್ತಲೇ ಕಟ್ಟುತ್ತಿದ್ದರು. ಲೆಕ್ಕ ಒಳಗಿನಿಂದ ತನ್ನಷ್ಟಕ್ಕೆ ನಡೆಯುತ್ತಿತ್ತು. ಮೂವತ್ತು ವರ್ಷ ಒಂದೇ ಕಟ್ಟೆಗೆ, ವಿಠಲಣ್ಣ ಎಂಬವರಲ್ಲಿಗೆ, ಹೂ ಕೊಟ್ಟಿದ್ದರು. “ನನ್ನ ಚೆಂಡನ್ನು ಇಗರ್ಜಿಯ ಫಾದರ್ ಬೇಕಾದ್ರೂ ಬಿಚ್ಚಿ ನೋಡ್ಲಿ” ಎನ್ನುತ್ತಿದ್ದರು. ಅವರಿಗೆ ಬೇರೆ ಮರ್ಯಾದೆ ಎಂದು ಏನೂ ಇರಲಿಲ್ಲ, ಇದೇ ಅವರ ಮರ್ಯಾದೆ.

ಪೇಜಿಗೆ ‘ಮಲ್ಲಿಗೆ ಬಾಯಿ’ ಎಂದು ಹೆಸರಿಟ್ಟೆವು. ಎರಡು ವಾರಕ್ಕೊಮ್ಮೆ ಶನಿವಾರ ಹೋಗಿ ಎರಡು ಗಂಟೆ ಚಿತ್ರೀಕರಿಸುತ್ತಿದ್ದೆ. ಕತ್ತರಿ ತಾಗದ ಈ ಮೂಲ ಚಿತ್ರೀಕರಣಕ್ಕೆ ರಾ ಫೂಟೇಜ್ ಎನ್ನುತ್ತೇವೆ. ಅದರಿಂದ ಒಂದು ನಿಮಿಷದೊಳಗಿನ ನಾಲ್ಕೈದು ವಿಡಿಯೋ ತೆಗೆಯಬೇಕು. ನೋಡುವವರಿಗೆ ಮೌನ ಹಿಡಿಸುವುದಿಲ್ಲ. ಮೂರು ಸೆಕೆಂಡು ಸುಮ್ಮನಿದ್ದರೆ ಬೆರಳು ಮುಂದೆ ಜಾರುತ್ತದೆ. ಆದ್ದರಿಂದ ತಡವರಿಸಿದ್ದು, ಎರಡು ಸಲ ಹೇಳಿದ್ದು, ಉಸಿರೆಳೆದದ್ದು, ಎಲ್ಲವನ್ನೂ ತೆಗೆದು ಮಾತಿಗೆ ಮಾತು ಜೋಡಿಸುತ್ತೇವೆ. ಜಂಪ್ ಕಟ್ ಎಂದರೆ ಅದೇ. ಗೆಲ್ಲು ಕತ್ತರಿಸಿ ಗಿಡ ಸವರುವುದು, ನೀರು ಬಿಡುವುದು, ಹುಳ ಬಂದರೆ ಗಿಡಕ್ಕೆ ಬೈಯುವುದು, ಬಾಯಮ್ಮ ಏನು ಮಾಡಿದರೂ ಜನ ನೋಡಿದರು. ಆರು ತಿಂಗಳಲ್ಲಿ ಉಡುಪಿಯ ಬಸ್ಸಿನಲ್ಲಿ ಅವರನ್ನು ಗುರುತು ಹಿಡಿದು ಸೀಟು ಬಿಟ್ಟುಕೊಡುವಷ್ಟಾಯಿತು.

ವಿಡಿಯೋ ಕನ್ನಡದಲ್ಲಿರಬೇಕೆಂದು ಶೂಟಿಂಗಿನ ದಿನ ನಾವು ತುಳು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಬಾಯಮ್ಮನಿಗೆ ಮನೆಯ ಮಾತು ಕೊಂಕಣಿ, ಊರಿನ ಮಾತು ತುಳು, ಮೂರನೆಯದು ಕನ್ನಡ. ಮೊದಮೊದಲು ಪಟಪಟ ಮಾತಾಡುತ್ತಿದ್ದವರು ಮಳೆಗಾಲ ಕಳೆಯುವಾಗ ನಡುವೆ ನಿಲ್ಲತೊಡಗಿದರು. “ಅದು, ಗಿಡದ ಬುಡಕ್ಕೆ ಹಾಕುದು, ಕಪ್ಪು, ಎಂತ ಹೇಳುದು ಅದಕ್ಕೆ” ಎಂದು ನನ್ನ ಮುಖ ನೋಡುತ್ತಿದ್ದರು. “ಗೊಬ್ಬರ, ಬಾಯಮ್ಮ” ಎನ್ನುತ್ತಿದ್ದೆ. ಕನ್ನಡ ಕೈಕೊಟ್ಟಿದೆ ಎಂದು ನಗುತ್ತಿದ್ದೆ. ಕೊಂಕಣಿಯಲ್ಲಾದರೂ ಆ ಶಬ್ದ ಬರುತ್ತಿದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ಮೂರು ಭಾಷೆಯಲ್ಲಿ ಬದುಕುವ ನಮ್ಮೂರಿನಲ್ಲಿ ಮಾತು ಸಿಗದೆ ನಿಂತವರನ್ನು ಕಂಡು ಯಾರಿಗೂ ಗಾಬರಿಯಾಗುವುದಿಲ್ಲ.

ಒಂದು ಶನಿವಾರ ಅವರು ಗಿಡ ಸವರುವ ಕ್ರಮವನ್ನು ಅರ್ಧ ಗಂಟೆಯೊಳಗೆ ಮೂರು ಸಲ ಹೇಳಿದರು, ಪ್ರತಿ ಸಲವೂ ಮೊದಲ ಸಲ ಹೇಳುವಂತೆ. ನನಗೆ ಆದದ್ದು ಖುಷಿ. ಮೂರರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳಬಹುದಲ್ಲ. ಉಳಿದ ಎರಡನ್ನು ಕತ್ತರಿಸಿದೆ. ನನ್ನ ಬುದ್ಧಿಗೆ ಏನು ಹೇಳಲಿ.

ಒಂದು ವರ್ಷ ದಾಟಿದ ಮೇಲೆ ವಿಠಲಣ್ಣ ಒಂದು ದಿನ ಪ್ರೆಸಿಲ್ಲಾಳನ್ನು ಬದಿಗೆ ಕರೆದು, ಬಾಯಿಯ ಚೆಂಡಿನಲ್ಲಿ ಲೆಕ್ಕ ಸರಿಯಾಗುತ್ತಿಲ್ಲ ಎಂದರು. ಚೆಂಡಿನ ಗಾತ್ರ ನೋಡಿ ಸಂಶಯ ಬಂದು ಬಿಚ್ಚಿ ಎಣಿಸಿದ್ದರಂತೆ, ಒಂದರಲ್ಲಿ ಆರುನೂರರ ಹತ್ತಿರ, ಇನ್ನೊಂದರಲ್ಲಿ ಒಂಬೈನೂರಕ್ಕೂ ಮೇಲೆ. ಕಟ್ಟೆಯಲ್ಲಿ ಹತ್ತಿರ ನಿಂತಿದ್ದವರ ಕಿವಿಗೆ ಕಡಿಮೆ ಬಂದದ್ದು ಮಾತ್ರ ಬಿತ್ತು. ಜಾಸ್ತಿ ಬಂದದ್ದನ್ನು ಯಾರೂ ಆಡಿಕೊಳ್ಳಲಿಲ್ಲ. ವಾರದೊಳಗೆ ನಮ್ಮ ವಿಡಿಯೋದ ಕೆಳಗೆ ಕಾಮೆಂಟು ಬಂತು: ಫೇಮಸ್ ಆದ ಮೇಲೆ ಬಾಯಿಯ ಚೆಂಡು ಸಣ್ಣದಾಗಿದೆ, ನೋಡಿ ತೆಗೆದುಕೊಳ್ಳಿ. ಬರೆದವರು ಊರಿನವರೇ.

ಪ್ರೆಸಿಲ್ಲಾ ಅಳುತ್ತಾ ಫೋನ್ ಮಾಡಿದಳು. ನಾನು ಧೈರ್ಯ ಹೇಳಿದೆ. ಇಂಥದ್ದಕ್ಕೆ ನಮ್ಮ ಕಸುಬಿನಲ್ಲಿ ಮದ್ದು ಉಂಟು: ಆರೋಪಕ್ಕೆ ಮಾತಿನಲ್ಲಿ ಉತ್ತರ ಕೊಡಬಾರದು, ಮಾಡಿ ತೋರಿಸಬೇಕು. ಬಾಯಮ್ಮ ಕ್ಯಾಮೆರಾದ ಎದುರು ಎಂಟುನೂರು ಮೊಗ್ಗು ಎಣಿಸಿ ಕಟ್ಟಲಿ, ಎಲ್ಲರ ಬಾಯಿ ಮುಚ್ಚುತ್ತದೆ ಎಂದೆ.

ಆ ಶನಿವಾರ ಜಗಲಿಯಲ್ಲಿ ಬಟ್ಟೆ ಹಾಸಿ ಮೊಗ್ಗು ಸುರಿದೆವು. ಪ್ರೆಸಿಲ್ಲಾ ಕಾಫಿ ಮಾಡಲು ಒಳಗೆ ಹೋಗಿದ್ದಳು. ನಾನು ಕ್ಯಾಮೆರಾ ಆನ್ ಮಾಡಿ ಬೆಳಕು ಸರಿಮಾಡುತ್ತಿದ್ದೆ. ಬಾಯಮ್ಮ ಬಾಗಿಲ ಕಡೆಗೊಮ್ಮೆ ನೋಡಿ ಸ್ವರ ತಗ್ಗಿಸಿದರು.

“ಸುಧಾಕರಾ, ಒಂದು ಕೇಳ್ತೇನೆ, ಪ್ರೆಸಿಲ್ಲಾಗೆ ಹೇಳ್ಬೇಡ. ನಂಗೆ ಕಟ್ಟುವಾಗ ನಡುವೆ ಲೆಕ್ಕ ಹೋಗ್ತದೆ. ಎಲ್ಲಿಗೆ ಹೋಗ್ತದೆ ಗೊತ್ತಿಲ್ಲ. ನಂಗೆ ಎಂತಾದ್ರೂ ಆಗಿದಾ? ಡಾಕ್ಟ್ರಿಗೆ ತೋರಿಸ್ಬೇಕಾ?”

“ವಯಸ್ಸಾಗುವಾಗ ಎಲ್ಲರಿಗೂ ಆಗ್ತದೆ ಬಾಯಮ್ಮ. ನಂಗೇ ಗಾಡಿಯ ಕೀ ಎಲ್ಲಿಟ್ಟೆ ನೆನಪಿರುದಿಲ್ಲ” ಎಂದೆ. ನನಗೆ ಬೆಳಕಿನ ಚಿಂತೆ. ಹತ್ತು ಗಂಟೆ ಕಳೆದರೆ ಆ ಜಗಲಿಗೆ ಬಿಸಿಲು ಹೊಡೆಯುತ್ತದೆ.

ಎಣಿಸಲು ಶುರುಮಾಡಿದರು. ಇನ್ನೂರ ನಲವತ್ತರಲ್ಲಿ ನಿಂತರು. ಮೊದಲಿನಿಂದ ಎಣಿಸಿದರು, ಮುನ್ನೂರು ದಾಟಿ ನಿಂತರು. ಮೂರನೆಯ ಸಲ ನೂರೂ ಆಗಲಿಲ್ಲ. ನಾಲ್ಕನೆಯ ಸಲ ನಿಂತಾಗ ಬಾಳೆನಾರನ್ನು ಮಡಿಲಲ್ಲಿಟ್ಟು ಎರಡೂ ಅಂಗೈಗಳನ್ನು ನೋಡಿಕೊಂಡರು, ಏನೋ ಬಿದ್ದುಹೋದವರ ಹಾಗೆ. ನನಗೆ ಕನಿಕರವಾಯಿತು. ಆ ಕನಿಕರದಲ್ಲೇ ತಪ್ಪು ಮಾಡಿದೆ. “ನೀವು ಕಟ್ಟುತ್ತಾ ಹೋಗಿ, ನಾನು ಹೇಳಿದ್ದನ್ನು ಹೇಳಿ, ಉಳಿದದ್ದು ನಾನು ನೋಡಿಕೊಳ್ತೇನೆ” ಎಂದೆ. ನಾಲ್ಕುನೂರು ಹೇಳಿ ಎಂದೆ, ಹೇಳಿದರು. ಆರುನೂರು ಹೇಳಿ ಎಂದೆ, ಹೇಳಿದರು. ಎಂಟುನೂರು ಹೇಳಿ ಒಮ್ಮೆ ನಗಾಡಿ ಎಂದೆ, ನಕ್ಕರು.

ನನ್ನ ಸ್ವರ ತೆಗೆದು, ತುಂಡುಗಳನ್ನು ಜೋಡಿಸಿ, ವೇಗ ಹೆಚ್ಚಿಸಿ ಐವತ್ತೆಂಟು ಸೆಕೆಂಡಿಗೆ ಇಳಿಸಿದೆ. ಹೊಲಿಗೆ ಎಲ್ಲಿಯೂ ಕಾಣುತ್ತಿರಲಿಲ್ಲ. ಮರುದಿನ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದ ಬಾಯಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ.

“ಇದು ನಾನೇ ಎಣಿಸಿದ್ದಾ?”

“ಮತ್ತೆ ಯಾರು ಬಾಯಮ್ಮ?”

ಇನ್ನೊಮ್ಮೆ ನೋಡಿದರು. “ಹಾಗಾದ್ರೆ ಸರಿ ಉಂಟು” ಎಂದರು. ಅವರ ಮುಖದಲ್ಲಿ ಬಂದ ಸಮಾಧಾನ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಡಾಕ್ಟರ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ನಾನು ಮಾಡಿದ ವಿಡಿಯೋಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ಮೊದಲು ಆಡಿಕೊಂಡವರೆಲ್ಲ ತಣ್ಣಗಾದರು. ಗುರುತಿಲ್ಲದ ಯಾರುಯಾರೋ ಕಟ್ಟೆಯವರಿಗೆ ಬಾಯಿಗೆ ಬಂದಂತೆ ಬೈದು ಬರೆದರು. ಕುವೈಟಿನಿಂದ ವಾಲ್ಟರ್, ಮಮ್ಮಿ ಇನ್ನೂ ಇಪ್ಪತ್ತು ವರ್ಷ ಗಟ್ಟಿ ಎಂದು ಸಂದೇಶ ಕಳಿಸಿದ. ಆ ವರ್ಷದ ರಜೆಯನ್ನು ಮುಂದಕ್ಕೆ ಹಾಕಿದ. ಪ್ರೆಸಿಲ್ಲಾ ನನ್ನೊಡನೆ, “ಸಂಜೆ ತೇರ್ಸ್ ಹೇಳುವಾಗ ಮಾಂಯ್ ಹತ್ತು ಮಣಿ ಮುಗಿದ್ರೂ ನಿಲ್ಲಿಸದೆ ಹೇಳ್ತಾ ಹೋಗ್ತಿದ್ರು. ನಂಗೆ ಒಂಥರಾ ಸಂಶಯ ಇತ್ತು. ವಿಡಿಯೋ ನೋಡಿದ ಮೇಲೆ ಮನಸ್ಸು ಹಗುರ ಆಯ್ತು” ಎಂದಳು. ತೇರ್ಸ್ ಎಂದರೆ ಅವರ ಮನೆಗಳಲ್ಲಿ ಸಂಜೆ ಹೇಳುವ ಜಪಸರದ ಪ್ರಾರ್ಥನೆ. ನಾನು ಆಗಲೂ ಬಾಯಿ ಬಿಡಲಿಲ್ಲ.

ಮೂರು ತಿಂಗಳ ಬಳಿಕ ಒಂದು ಸೋಮವಾರ, ಮಧ್ಯಾಹ್ನದ ಹೊತ್ತಿಗೆ, ಪೇಜಿಗೆ ಒಂದರ ಹಿಂದೆ ಒಂದು ಫೋಟೋ ಬಂತು. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಬಾಯಮ್ಮನ ಜೊತೆ ಕಾಲೇಜು ಹುಡುಗಿಯರ ಸೆಲ್ಫಿ, ಒಂದು ಸಂಸಾರದ ಸೆಲ್ಫಿ, ಒಬ್ಬ ಕಂಡಕ್ಟರನ ಸೆಲ್ಫಿ. ಎಲ್ಲದರಲ್ಲೂ ಬಾಯಮ್ಮ ನಗುತ್ತಿದ್ದರು, ಮಡಿಲಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹೂ. ಕಾರ್ಕಳದಲ್ಲೂ ಅಭಿಮಾನಿಗಳು ಎಂದು ನಾನು ಖುಷಿಯಿಂದ ಎಲ್ಲದಕ್ಕೂ ಹೃದಯದ ಗುರುತು ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಪ್ರೆಸಿಲ್ಲಾಳ ಫೋನ್ ಬಂತು. ಬೆಳಿಗ್ಗೆ ಎಂಟೂವರೆಗೆ ಹತ್ತು ನಿಮಿಷ ದೂರದ ಕಟ್ಟೆಗೆ ಹೋದ ಮಾಂಯ್ ಬಂದಿಲ್ಲ ಎಂದಳು.

ಅವರು ಕಟ್ಟೆ ದಾಟಿ ನಡೆದು ಯಾವುದೋ ಬಸ್ಸು ಹತ್ತಿದ್ದರು. ಕಾರ್ಕಳದಲ್ಲಿ ಇಳಿದು, ಮನೆ ಯಾವ ಕಡೆ ಎಂದು ತಿಳಿಯದೆ ನಾಲ್ಕು ಗಂಟೆ ಬೆಂಚಿನಲ್ಲಿ ಕುಳಿತಿದ್ದರು. ಗುರುತು ಹಿಡಿದವರೆಲ್ಲ ಪಕ್ಕದಲ್ಲಿ ಕುಳಿತು ಫೋಟೋ ತೆಗೆದು ಎದ್ದುಹೋದರು. ಎಲ್ಲಿಗೆ ಹೊರಟದ್ದು ಬಾಯಿ ಎಂದು ಒಬ್ಬರೂ ಕೇಳಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ, ಬಾಯಮ್ಮನಿಗೆ ಹಾಗೆ ನಗಲು ಕಲಿಸಿದವನು ನಾನು. ನಾನು ಫೋನ್ ಮಾಡಿದ ಮೇಲೆ ಕುಕ್ಕುಂದೂರಿನಿಂದ ನನ್ನ ತಮ್ಮ ಹೋಗಿ ಕರೆದುಕೊಂಡು ಬಂದ. ನೀರೂ ಕುಡಿದಿರಲಿಲ್ಲ.

ಮರುದಿನ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದರು. ಇದು ಯಾವಾಗಿನಿಂದ ಎಂದು ಡಾಕ್ಟರ್ ಕೇಳಿದಾಗ ಪ್ರೆಸಿಲ್ಲಾ ಮೊಬೈಲು ತೆಗೆದು ಆ ವಿಡಿಯೋ ತೋರಿಸಿದಳು. ಮೂರು ತಿಂಗಳ ಹಿಂದೆ ಎಂಟುನೂರು ಎಣಿಸಿದವರು ಈಗ ಮನೆಯ ದಾರಿ ಮರೆತಿದ್ದಾರೆ. ಡಾಕ್ಟರು ಅದನ್ನು ನಂಬಿದರು, ನಂಬದೆ ಇರಲು ಕಾರಣವಿರಲಿಲ್ಲ. ಇಷ್ಟು ಬೇಗ ಇಷ್ಟು ಇಳಿಯಬೇಕಾದರೆ ಮಿದುಳಿನಲ್ಲಿ ಸೋಂಕೋ ಬಾವೋ ಇರಬೇಕೆಂದು ಅಡ್ಮಿಟ್ ಮಾಡಿಸಿ ಒಂದೊಂದೇ ಪರೀಕ್ಷೆ ಶುರುಮಾಡಿದರು. ಬೆನ್ನುಹುರಿಯ ಹತ್ತಿರ ಸೂಜಿ ಹಾಕಿ ನೀರು ತೆಗೆಯುವ ದಿನ ಬಾಯಮ್ಮ ಹೆದರಿ ಮಂಚದಿಂದ ಇಳಿಯಲು ನೋಡಿದರಂತೆ. ಇಬ್ಬರು ನರ್ಸುಗಳು ಹಿಡಿದುಕೊಂಡರಂತೆ.

ನಾಲ್ಕನೆಯ ದಿನ ನಾನು ನೋಡಲು ಹೋದಾಗ ಪ್ರೆಸಿಲ್ಲಾ ಇದನ್ನೆಲ್ಲ ಹೇಳಿದಳು. ಇನ್ನೂ ಪರೀಕ್ಷೆ ಉಂಟು, ಏನೂ ಸಿಗ್ತಾ ಇಲ್ಲ ಎಂದಳು. ಆಫೀಸಿಗೆ ಹೋಗಿ ಹಾರ್ಡ್‌ಡಿಸ್ಕ್ ತಂದೆ. ಮದುವೆ ಕಾಲದಿಂದಲೂ ನಾನು ರಾ ಫೂಟೇಜ್ ಅಳಿಸುವವನಲ್ಲ. ಡಾಕ್ಟರ ಕೋಣೆಯಲ್ಲಿ ಪ್ರೆಸಿಲ್ಲಾಳ ಎದುರೇ ಲ್ಯಾಪ್‌ಟಾಪ್ ತೆರೆದು, ಈ ವಿಡಿಯೋ ಸುಳ್ಳು, ಲೆಕ್ಕ ನಾನು ಹೇಳಿಕೊಟ್ಟದ್ದು ಎಂದೆ.

ಡಾಕ್ಟರ್ ಮೊದಲಿನದ್ದರಿಂದ ಒಂದೊಂದಾಗಿ ನೋಡಿದರು. ಗೊಬ್ಬರ ಎಂಬ ಶಬ್ದ ಸಿಗದ ದಿನ, ಒಂದನ್ನೇ ಮೂರು ಸಲ ಹೇಳಿದ ದಿನ, ಅಂಗೈ ನೋಡಿಕೊಂಡ ದಿನ. ಬಾಯಮ್ಮ ನನ್ನ ಹತ್ತಿರ ಸ್ವರ ತಗ್ಗಿಸಿ ಕೇಳಿದ್ದೂ ಅದರಲ್ಲಿತ್ತು, ನನ್ನ ಉತ್ತರವೂ ಇತ್ತು. ಕೊನೆಗೆ ಡಾಕ್ಟರ್, “ಇದು ಮೂರು ತಿಂಗಳದ್ದಲ್ಲ, ಒಂದು ವರ್ಷಕ್ಕೂ ಮೇಲಿನದ್ದು. ನಿಧಾನ ಬರುವ ಮರೆವಿನ ಕಾಯಿಲೆ” ಎಂದು ಉಳಿದ ಪರೀಕ್ಷೆಗಳನ್ನು ನಿಲ್ಲಿಸಿದರು. ಮೊದಲೇ ಬಂದಿದ್ದರೆ ವಾಸಿಯಾಗುತ್ತಿತ್ತೇ ಎಂದು ನಾನು ಕೇಳಿದೆ.

“ವಾಸಿ ಆಗ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆಗ ಅವರ ಹತ್ತಿರವೇ ಕೇಳಬಹುದಿತ್ತು, ಮುಂದೆ ಏನು ಮಾಡುವ, ಯಾರು ಹತ್ತಿರ ಇರ್ಬೇಕು ಅಂತ. ಅವರೇ ತೀರ್ಮಾನ ಮಾಡ್ತಿದ್ರು. ಆ ಸಮಯ ಹೋಯ್ತು.”

ಹೊರಗೆ ಬಂದ ಮೇಲೆ ಪ್ರೆಸಿಲ್ಲಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನೀವು ಎಲ್ಲ ನೋಡಿದ್ರಿ ಸುಧಾಕರಣ್ಣ. ನಮಗೆ ಒಳ್ಳೆದನ್ನು ಮಾತ್ರ ಕಳಿಸಿದ್ರಿ” ಎಂದು ವಾರ್ಡಿನ ಕಡೆಗೆ ನಡೆದಳು.

ಕೆಲವು ದಿನಗಳ ಮೇಲೆ ವಿಠಲಣ್ಣನ ಕಟ್ಟೆಗೆ ಹೋಗಿ ಕ್ಷಮೆ ಕೇಳಿದೆ. ಎಪ್ಪತ್ತರ ಹತ್ತಿರದ ಮನುಷ್ಯ, ಹೂವಿನ ಮೇಲೆ ನೀರು ಚಿಮುಕಿಸುತ್ತಿದ್ದರು. ನನ್ನ ಮುಖ ನೋಡದೆಯೇ ಹೇಳಿದರು: “ಬಾಯಿ ಮೋಸ ಮಾಡ್ತಾರೆ ಅಂತ ನಾನು ಯಾವತ್ತೂ ಹೇಳ್ಲಿಲ್ಲ ಮಾರಾಯ್ರೆ. ಮೂವತ್ತು ವರ್ಷ ತಪ್ಪದ ಲೆಕ್ಕ ತಪ್ತಾ ಉಂಟು, ಅವರಿಗೆ ಎಂತದೋ ಆಗಿದೆ ಅಂತ ಮಗನಿಗೆ ಫೋನ್ ಮಾಡುವ ಅಂತಿದ್ದೆ. ಅಷ್ಟರಲ್ಲಿ ನಿಮ್ಮ ವಿಡಿಯೋ ಬಂತು. ನಾನೇ ತಪ್ಪು ಎಣಿಸಿದ್ದು ಅಂತ ಸುಮ್ಮನಾದೆ.”

ಆ ವಿಡಿಯೋ ತೆಗೆದುಹಾಕಿದೆ. ಲೆಕ್ಕ ಹೇಳಿಕೊಟ್ಟವನು ನಾನು, ತಪ್ಪು ನನ್ನದು, ಕಟ್ಟೆಯವರದ್ದಲ್ಲ ಎಂದು ಮನೆಯವರ ಒಪ್ಪಿಗೆ ಪಡೆದು ಬರೆದೆ. ಇದೂ ಪ್ರಚಾರದ ಹೊಸ ಉಪಾಯ ಎಂದು ಕೆಲವರು ಕಾಮೆಂಟು ಹಾಕಿದರು. ಪೇಜು ಮುಚ್ಚಿದೆವು.

ನಾನು ಈ ಕೆಲಸವನ್ನು ಬಿಟ್ಟಿಲ್ಲ, ಹೊಟ್ಟೆಪಾಡು. ಆದರೆ ಮನುಷ್ಯರನ್ನು ಚಿತ್ರೀಕರಿಸುವವನು ಅವರ ಮನೆಯವರಿಗಿಂತ ಹೆಚ್ಚು ಹೊತ್ತು ಅವರ ಮುಖ ನೋಡುತ್ತಾನೆ. ನೋಡಿದ್ದನ್ನು ಜಗತ್ತಿಗೆ ಹೇಳಬೇಕಾಗಿಲ್ಲ, ಮನೆಯವರಿಗೆ ಹೇಳಲೇಬೇಕು. ಅಷ್ಟನ್ನು ಈ ಕೆಲಸ ಕಲಿಸಿತು. ಈಗ ಯಾರಾದರೂ ಕ್ಯಾಮೆರಾದ ಎದುರು ಕುಳಿತು ನನ್ನ ಹತ್ತಿರ ಏನಾದರೂ ಕೇಳಿದರೆ ಮೊದಲು ಕ್ಯಾಮೆರಾ ಆಫ್ ಮಾಡುತ್ತೇನೆ, ಆಮೇಲೆ ನಿಜ ಹೇಳುತ್ತೇನೆ. ಕಲಿತದ್ದು ತಡವಾಗಿ ಎಂಬುದನ್ನೂ ಹೇಳಬೇಕು.

ವಾಲ್ಟರ್ ಕೆಲಸ ಬಿಟ್ಟು ಊರಿಗೆ ಬಂದ ವಾರ ನಾನು ಬೆಳ್ಮಣ್‌ಗೆ ಹೋಗಿದ್ದೆ. ಬಾಯಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಕೈ ಏನನ್ನೂ ಮರೆತಿರಲಿಲ್ಲ, ಗಂಟುಗಳೆಲ್ಲ ಬಿಗಿಯಾಗಿದ್ದವು. ನನ್ನನ್ನು ಬಹಳ ಹೊತ್ತು ನೋಡಿದರು, ಹೆಸರು ಬರಲಿಲ್ಲ. ಆಮೇಲೆ ಮೆಲ್ಲಗೆ, “ನಂಗೆ ಎಂತದೋ ಆಗಿದೆ ಅಲ್ವಾ?” ಎಂದು ಕೇಳಿದರು.

“ಹೌದು ಬಾಯಮ್ಮ, ಆಗಿದೆ. ಮರೆವಿನ ಕಾಯಿಲೆ” ಎಂದೆ.

ಅವರು ಹೆದರಲಿಲ್ಲ. ತಲೆಯಾಡಿಸಿ ಇನ್ನೊಂದು ಗಂಟು ಹಾಕಿದರು. “ಹಾಗಾದ್ರೆ ನಮ್ಮ ವಾಲ್ಟರನಿಗೆ ಒಂದು ಫೋನ್ ಮಾಡು ಮಗಾ. ನಂಗೆ ಅವನ ಗುರುತು ಸಿಗುವಾಗಲೇ ಬಂದು ಹೋಗ್ಲಿ” ಎಂದರು.

ವಾಲ್ಟರ್ ಅವರ ಪಕ್ಕದಲ್ಲೇ ಕುಳಿತು ಬಾಳೆನಾರು ಸೀಳಿ ಕೊಡುತ್ತಿದ್ದ.